ರೋಗಮುಕ್ತ ಹುಳುಮನೆ

ರಾಯಚೂರಿನ ರೇಷ್ಮೆಹುಳು ಕರುಳು ಕ್ಷೇಮಪಾಲನಾ ಕೋಶದ ನಿಯಮದಂತೆ, ಲಿಖಿತ ಅನುಮತಿಯಿಲ್ಲದೆ ಯಾವ ಹುಳುವೂ ಕಾಯಿಲೆ ಬೀಳತಕ್ಕದ್ದಲ್ಲ.

ದೇವದುರ್ಗ ತಾಲ್ಲೂಕಿನ ಮಸರಕಲ್ಲಿನಲ್ಲಿ ಮಹಬೂಬೀ ಸಾಕಿದ ಹುಳುಗಳಿಗೆ ಇದು ತಿಳಿದಿರಲಿಲ್ಲ. ಗೂಡು ಕಟ್ಟಲು ಐದೇ ದಿನ ಇರುವಾಗ ಅವು ಸೊಪ್ಪು ತಿನ್ನುವುದನ್ನು ಬಿಟ್ಟವು, ಮೈ ಮೆತ್ತಗಾಗಿ ಕಕ್ಕತೊಡಗಿದವು. ಗಂಡ ತೀರಿದ ಮೇಲೆ ಆಕೆ ಒಬ್ಬಳೇ ನಿಂತು ಕಟ್ಟಿಸಿದ ಹುಳುಮನೆ ಅದು. ಇಪ್ಪತ್ತು ಹುಳು ಡಬ್ಬಿಗೆ ಹಾಕಿಕೊಂಡು ರಾಯಚೂರಿನ ಕೋಶಕ್ಕೆ ಮೊದಲ ಬಸ್ಸು ಹಿಡಿದಳು.

"ಸಪ್ಪೆ ರೋಗ ಬಂದದರೀ ಸಾಹೇಬ್ರ. ಏನರ ಔಷಧ ಕೊಡ್ರಿ, ಇನ್ನೂ ಅರ್ಧ ಹುಳ ಜೀವಂತ ಅದಾವ."

"ರೋಗ ಅಂತ ನೀವು ಅನ್ನಂಗಿಲ್ಲಮ್ಮ, ನಾವು ಅನ್ನಬೇಕು," ಎಂದರು ಕೋಶದ ಅಧಿಕಾರಿ ಗುರುಪ್ರಸನ್ನ, ಮೂಗಿಗೆ ಕರವಸ್ತ್ರ ಹಿಡಿದು. "ಹೊಟ್ಟ್ಯಾಗಿನ ಬ್ಯಾಕ್ಟೀರಿಯಾ ಎಣಿಸಿ ಹೇಳ್ತೀವಿ."

ನಾಲ್ಕನೇ ದಿನ ವರದಿ ಕೈಗೆ ಬಂತು: 'ಸದರಿ ಕರುಳಿನಲ್ಲಿ ಉಪಕಾರಿ ಬ್ಯಾಕ್ಟೀರಿಯಾಗಳೂ ಅಪಕಾರಿ ಬ್ಯಾಕ್ಟೀರಿಯಾಗಳೂ ವಾಸವಾಗಿರುತ್ತವೆ. ಸರಾಸರಿ ತೃಪ್ತಿಕರ.'

"ಹುಳ ಸಾಯಾಕತ್ತಾವಲ್ಲರೀ!"

"ಸರಾಸರಿ ಸಾಯಾಕತ್ತಿಲ್ಲ. ತಕರಾರಿದ್ದರ ಅರ್ಜಿ ಬರೀರಿ, ಸ್ಥಳ ತಪಾಸಣೆ ಮಾಡ್ತೀವಿ."

ತಪಾಸಣೆಯ ಜೀಪು ಬಂದದ್ದು ಹದಿನೆಂಟು ದಿನಕ್ಕೆ. ಅಷ್ಟರಲ್ಲಿ ಮಹಬೂಬೀ ಕೊನೆಯ ಹುಳುವನ್ನೂ ಹಿತ್ತಲಲ್ಲಿ ಹೂತು, ಅಳುತ್ತಲೇ ಸುಣ್ಣ, ಬ್ಲೀಚಿಂಗ್ ಪುಡಿ ಹಾಕಿ ಮನೆ ತೊಳೆದಿದ್ದಳು. ಗುರುಪ್ರಸನ್ನ ಬಾಗಿ ತಟ್ಟೆಗಳ ಕೆಳಗೂ ನೋಡಿದರು.

"ರೋಗದ ಹುಳ ಒಂದರ ಅದ ಏನು?"

"ಹುಳಾನೇ ಇಲ್ಲರೀ."

"ಒಂದೂ ಇಲ್ಲ," ಎಂದು ಅವರು ಸಂತೋಷದಿಂದ ಬರೆದುಕೊಂಡರು.

ಮರುವಾರ ಬಾಗಿಲಿಗೆ ಪ್ರಕಟಣೆ ಅಂಟಿತು: 'ಇಲ್ಲಿ ರೋಗ ಶೂನ್ಯವಾಗಿರುವುದರಿಂದ ಇದನ್ನು ಮಾದರಿ ಹುಳುಮನೆಯೆಂದು ಘೋಷಿಸಲಾಗಿದೆ. ಸದರಿ ಸ್ಥಿತಿಯನ್ನು ಕಾಪಾಡುವ ಸಲುವಾಗಿ ಒಳಗೆ ಹುಳು ತರುವುದನ್ನು ನಿಷೇಧಿಸಲಾಗಿದೆ.'

ಆಮೇಲೆ ಕೋಶದವರು ಪೋತ್ನಾಳ, ಬಾಗಲವಾಡದ ರೇಷ್ಮೆ ಬೆಳೆಗಾರರನ್ನು ತರಬೇತಿಗೆ ಕರೆತಂದರು. ಖಾಲಿ ತಟ್ಟೆಗಳ ಸುತ್ತ ಅವರು ಚಪ್ಪಲಿ ಬಿಟ್ಟು ನಡೆದರು. ಪೋತ್ನಾಳದ ಶಂಭುಲಿಂಗಪ್ಪ ಕೈಮುಗಿದ.

"ಯವ್ವಾ, ನಮ್ಮ ಮನ್ಯಾಗೂ ಹುಳ ಕಕ್ಕಾಕತ್ತಾವ. ನೀವು ಹೆಂಗ ತಡದ್ರಿ?"

ಮಹಬೂಬೀ ಹಿತ್ತಲ ಕಡೆ ಕೈ ತೋರಿಸಿದಳು. "ಏನ್ ತಡೀಲಿ ಯಪ್ಪಾ? ಎಲ್ಲಾ ಮಣ್ಣಾಗ ಹಾಕಿದೆ."

"ಗಮನಿಸಿರಿ," ಎಂದರು ಗುರುಪ್ರಸನ್ನ. "ಮಣ್ಣಿನ ವಿಧಾನ."

ಎಲ್ಲರೂ ಬರೆದುಕೊಂಡರು. ಶಂಭುಲಿಂಗಪ್ಪ ಪೆನ್ನು ಎತ್ತಿ ಕೇಳಿದ: "ಎಷ್ಟು ಆಳ ಅಗೀಬೇಕ್ರಿ?"

ಮಹಬೂಬೀ ಅವನ ಮುಖ ನೋಡಿದಳು, ಅಧಿಕಾರಿಯ ಮುಖ ನೋಡಿದಳು.

"ಮೊಣಕಾಲ್ತನಕ ಸಾಕು," ಎಂದಳು.