ಹನಮಂತಪ್ಪನ ಹಾಜರಿ

ಒಂದು ಫ್ಯಾಕ್ಸ್ ಕಾಗದ ನಾಗಲಿಂಗನನ್ನು ಹೆಣ ಮಾಡಿತು.

ಅದು ಎರಡು ಸಾವಿರದ ಮೂರನೇ ಇಸವಿ. ಇಳಕಲ್ಲಿನ ಆ ಗ್ರಾನೈಟ್ ಫ್ಯಾಕ್ಟರಿಯ ಕೆಂಪು ಕಲ್ಲು ಹಡಗು ಹತ್ತಿ ಹೋಗಿ ಪರದೇಶದ ಗೋರಿಗಳ ಮೇಲೆ ನಿಲ್ಲುತ್ತಿತ್ತು. ಈಚೆಗೆ ಅಲ್ಲಿಯ ಗಿರಾಕಿಗಳಿಗೆ ಕಲ್ಲು ಕೊರೆಯುವವರ ಜೀವದ ಚಿಂತೆ ಹತ್ತಿತ್ತು. ಕೆಲಸದಲ್ಲಿ ಯಾರಾದರೂ ಸತ್ತಿದ್ದಾರೆಯೇ ಎಂದು ಕೇಳಿದರು. ಯಾರೂ ಇಲ್ಲ ಎಂದು ಮ್ಯಾನೇಜರ್ ಶಂಕ್ರಪ್ಪ ಹಾಜರಿ ಪುಸ್ತಕದ ನಕಲಿನ ಸಮೇತ ಬರೆದು ಕಳಿಸಿದ. ಹೋದ ವರ್ಷ ಕ್ರೇನಿನ ಸರಪಳಿ ಹರಿದು, ಬಂಡೆಯ ಕೆಳಗೆ ಸಿಕ್ಕು ಸತ್ತ ಹನಮಂತಪ್ಪ ಹಾಜರಿ ಪುಸ್ತಕದಲ್ಲಿ ಮಾತ್ರ ಒಂದು ದಿನವೂ ರಜೆ ಹಾಕದೆ ದುಡಿಯುತ್ತಿದ್ದ. ಈಗ ಫ್ಯಾಕ್ಸ್ ಬಂದಿತ್ತು: ಗಿರಾಕಿಗಳ ಕಡೆಯಿಂದ ಇವತ್ತು ತಪಾಸಣೆಗೆ ಬರುವ ಚೇತನಾ ಮೇಡಂ, ಒಂದೂ ರಜೆ ಹಾಕದ ಈ ಹನಮಂತಪ್ಪನ ಜೊತೆಗೇ ಮಾತಾಡಬೇಕಂತೆ.

"ನಾಗಲಿಂಗಾ, ನೀನೂ ಅವನಷ್ಟ ಎತ್ತರ ಅದಿ," ಎಂದ ಶಂಕ್ರಪ್ಪ. "ಇವತ್ತೊಂದಿನ ಹನಮಂತಪ್ಪ ಆಗು. ನಾಳಿ ನಿನ್ನ ನೌಕರಿ ಕಾಯಂ ಮಾಡ್ತೇನಿ."

ಆರು ವರ್ಷದಿಂದ ದಿನಗೂಲಿಯ ಮೇಲೆ ಕಲ್ಲು ಪಾಲಿಶ್ ಮಾಡುತ್ತಿದ್ದ ನಾಗಲಿಂಗ, ಕಾಯಂ ಎಂಬ ಮಾತು ಕಿವಿಗೆ ಬಿದ್ದದ್ದೇ ಸಾಯಲು ಒಪ್ಪಿಕೊಂಡ.

ಹನಮಂತಪ್ಪನ ಹೆಸರು ಬರೆದ ಹೊಸ ಹೆಲ್ಮೆಟ್ ಅವನ ತಲೆಯ ಮೇಲೆ ಬೋರಲು ಹಾಕಿದ ಬೋಗುಣಿಯಂತೆ ಕುಂತಿತು.

"ಬಾರಲೇ ಹನಮಂತ," ಎಂದ ಕಟಿಂಗ್ ಮಷಿನ್ನಿನ ರಾಜಮಹ್ಮದ. "ಮ್ಯಾಲ ಊಟ ಗೀಟ ಹ್ಯಾಂಗೈತಿ?"

"ಸುಮ್ನಿರಲೇ. ಎದಿ ಡವಡವ ಅನ್ನಾಕತ್ತೈತಿ."

"ಎದಿ ಬಡಕೊಳ್ಳಾಕತ್ತೈತಿ ಅಂದ್ರ ನೀ ಹನಮಂತ ಅಲ್ಲ ಬಿಡು."

ಎಲ್ಲರೂ ನಕ್ಕರು. ಆದರೆ ಊಟಕ್ಕೆ ಕುಂತಾಗ ಅವನ ಎರಡೂ ಮಗ್ಗುಲು ಖಾಲಿ ಉಳಿದವು. ನಾಗಲಿಂಗ ತಾನೇ ಪಾಲಿಶ್ ಮಾಡಿದ ಗೋರಿಕಲ್ಲಿನಲ್ಲಿ ಮುಖ ನೋಡಿಕೊಂಡ. ಹೆಲ್ಮೆಟ್ ಕಂಡಿತು. ಅದರ ಕೆಳಗೆ ಬರೀ ಕೆಂಪು ಕಲ್ಲಿತ್ತು.

ಮಧ್ಯಾಹ್ನ ಚೇತನಾ ಮೇಡಂ ಬಂದು ಹಾಜರಿ ಪುಸ್ತಕ ಬಿಚ್ಚಿದರು. "ಹನಮಂತಪ್ಪ ಯಾರು?"

ನಾಗಲಿಂಗ ಬಾಯಿ ಬಿಡುವ ಮೊದಲೇ "ನಾನ್ರಿ" ಎಂಬ ದನಿ ಬಂತು. ಬಂದದ್ದು ಬೆನ್ನ ಹಿಂದಿನ ಕ್ರೇನಿನ ಬುಡದಿಂದ. ಅಲ್ಲಿ ಯಾರೂ ಇರಲಿಲ್ಲ. ರಾಜಮಹ್ಮದನ ಮುಖ ಸುಣ್ಣದಂತಾಯಿತು. ಮೇಡಂ ಮಾತ್ರ ನಾಗಲಿಂಗನೇ ಅಂದನೆಂದು ತಿಳಿದು ಬರೆದುಕೊಂಡರು.

"ಇಲ್ಲಿ ನಿಮ್ಮ ಜೀವಕ್ಕೆ ಏನಾದರೂ ಅಪಾಯ ಇದೆಯಾ?"

"ಇನ್ನ ಮ್ಯಾಲ ಇಲ್ರಿ," ಎಂದ ನಾಗಲಿಂಗ. "ಆಗೂದೆಲ್ಲ ಆಗಿ ಹೋಗೈತ್ರಿ."

ಅಷ್ಟರಲ್ಲಿ ಒಬ್ಬ ಹೆಂಗಸು ಒಳಗೆ ಬಂದಳು. ಹನಮಂತಪ್ಪನ ಹೆಂಡತಿ ಸಿದ್ದವ್ವ. ಪರಿಹಾರ ಕೇಳಲು ವರ್ಷದಿಂದ ವಾರವಾರ ಬರುತ್ತಿದ್ದಳು, ವಾಚಮನ್ ಗೇಟಿನಿಂದಲೇ ಅಟ್ಟುತ್ತಿದ್ದ. ಇವತ್ತು ಮೇಡಂ ಎದುರಿಗೆ ಯಾರನ್ನೂ ಬೈಯಬಾರದೆಂದು ಅವನಿಗೆ ಹುಕುಂ ಆಗಿತ್ತು.

"ನೀವು ಯಾರಮ್ಮ?" ಎಂದರು ಮೇಡಂ.

"ಹನಮಂತಪ್ಪನ ಹೆಣ್ತಿರಿ."

"ಹಾಗಾದರೆ ಇವರು ನಿಮ್ಮ ಯಜಮಾನರಾ?"

ಶಂಕ್ರಪ್ಪ ಚಹಾದ ಕಪ್ಪು ಕೆಳಗಿಟ್ಟು ಮೇಡಂ ಮಗ್ಗುಲಿಗೆ ಬಂದು ನಿಂತ. ಸಿದ್ದವ್ವ ಹೆಲ್ಮೆಟ್ಟಿನ ಕಡೆ ನೋಡಿದಳು. ನಾಗಲಿಂಗನನ್ನು ನೋಡಿದಳು. ಆಮೇಲೆ ಬಹಳ ಹೊತ್ತು ಶಂಕ್ರಪ್ಪನನ್ನೇ ನೋಡಿದಳು.

"ಹೌದ್ರಿ ಬಾಯಾರ," ಎಂದು ಸೆರಗು ಸರಿಮಾಡಿಕೊಂಡಳು. "ಇವರ ನಮ್ಮನಿಯವರು. ಮನಿಗೆ ಬರ್ಲಾರದ ಒಂದ ವರ್ಷ ಆತ್ರಿ. ಪಗಾರೂ ಕಂಡಿಲ್ಲ ನಾ."

ಮೇಡಂ ಪೆನ್ನು ಒತ್ತಿ ಒತ್ತಿ ಬರೆದರು. ವರ್ಷದ ಪಗಾರ ಈಗಲೇ ಹೆಂಡತಿಯ ಕೈಗೆ. ಮುಂದೆಯೂ ತಿಂಗಳು ತಿಂಗಳೂ ಅವಳ ಕೈಗೇ. ಈ ಮನುಷ್ಯನನ್ನು ಕಾಯಂ ಮಾಡಿ ಇವತ್ತೇ ಮನೆಗೆ ಕಳಿಸಬೇಕು. ಪ್ರತಿ ವರ್ಷ ಬಂದು ತಾವೇ ಇವನನ್ನು ನೋಡುತ್ತಾರೆ.

ಮೇಡಂ ಕಾರು ಹತ್ತಿದ ಮೇಲೆ ನಾಗಲಿಂಗ ಓಡಿ ಬಂದ. "ಸಾಹೇಬ್ರ, ನನ್ನ ನೌಕರಿ?"

"ಆತಲ್ಲೋ, ಹನಮಂತಪ್ಪ ಕಾಯಂ," ಎಂದ ಶಂಕ್ರಪ್ಪ ಬೆವರು ಒರೆಸಿಕೊಳ್ಳುತ್ತ. "ಆ ನಾಗಲಿಂಗ ಅನ್ನಾವ ಇವತ್ತ ಹೇಳದ ಕೇಳದ ಗೈರಹಾಜರ ಆಗ್ಯಾನ. ಅವನ ಹೆಸರ ಹೊಡದ ಹಾಕೇನಿ."

ಕಂಪನಿಯ ಜೀಪು ಇಬ್ಬರನ್ನೂ ಹತ್ತಿಸಿಕೊಂಡು ಸಿದ್ದವ್ವನ ಓಣಿಯ ಕಡೆ ಹೊರಟಿತು. ಪಗಾರದ ಗಂಟನ್ನು ಮಡಿಲಲ್ಲಿಟ್ಟುಕೊಂಡು ಅವಳು ನೆಟ್ಟಗೆ ಕುಂತಿದ್ದಳು. ಜೀಪು ಓಣಿಗೆ ಹೊರಳಿದಾಗ, ಅವನ ಕಡೆ ತಿರುಗದೆಯೇ ಮೆಲ್ಲಗೆ ಅಂದಳು:

"ನಾಳಿಂದ ಆ ಕ್ರೇನಿನ ಬುಡಕ ಹೋಗಬ್ಯಾಡ್ರಿ. ಇನ್ನೊಮ್ಮಿ ಸತ್ರಿ ಅಂದ್ರ ನನಗ ಭಾಳ ತ್ರಾಸ ಆಗ್ತೈತಿ."