ಬೀದಿಯ ಪರವಾಗಿ ಸ್ನಾನ

ಮದುವೆಯಾದ ಹೊಸತರಲ್ಲಿ ಟೈಲರಣ್ಣ ಹೆಂಡತಿಗೆ ಒಂದು ಮಾತು ಕೊಟ್ಟಿದ್ದ. ಕೊಟ್ಟದ್ದು ಬೆಳದಿಂಗಳಲ್ಲಲ್ಲ, ಬಚ್ಚಲುಮನೆಯಲ್ಲಿ. ಏರುಬೀದಿಯ ತುತ್ತತುದಿಯ ಕಟ್ಟಡದಲ್ಲಿ ಮೇಲ್ಮಹಡಿಯನ್ನು ಬಾಡಿಗೆಗೆ ಹಿಡಿದಿದ್ದರು. ಹೊಸ ಸಂಸಾರದ ಮೊದಲ ಬೆಳಿಗ್ಗೆ ಅವಳು ನಲ್ಲಿ ತಿರುಗಿಸಿದಾಗ ಅದು ಎರಡು ಸಲ ಕೆಮ್ಮಿ, ಒಂದು ಸಲ ಸೀನಿ, ಕೊನೆಗೆ ಸೂಜಿಗೆ ಪೋಣಿಸಬಹುದಾದಷ್ಟು ಸಣ್ಣ ಎಳೆ ನೀರನ್ನು ಇಳಿಬಿಟ್ಟಿತು. ತಲೆಗೆ ಸೋಪು ಹಚ್ಚಿಕೊಂಡು ಬಾಗಿಲ ಸಂದಿಯಿಂದ ಇಣುಕಿದ ಹೊಸ ಹೆಂಡತಿಯ ಮುಖ ನೋಡಿ ಟೈಲರಣ್ಣನಿಗೆ ಪೌರುಷ ಉಕ್ಕಿತು.

"ನೋಡ್ತಿರು, ಇದೇ ಸೂರಿನಡಿ ಒಂದು ದಿನ ನಿನ್ನ ತಲೆ ಮೇಲೆ ಜಲಪಾತ ಸುರಿಸ್ತೀನಿ. ಇದು ನನ್ನ ಮಾತು!"

"ಸದ್ಯಕ್ಕೆ ಒಂದು ಚೊಂಬು ನೀರು ತಂದ್ಕೊಡಿ. ಕಣ್ಣು ಉರೀತಿದೆ," ಎಂದಳು ಅವಳು.

ಆಮೇಲೆ ವರ್ಷಗಳು ಹರಿದವು, ನೀರು ಮಾತ್ರ ಹರಿಯಲಿಲ್ಲ. ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ದಿನವಿಡೀ ಕಂಡವರ ಮೈ ಒರೆಸಿ ಬಂದು, ತನ್ನ ಮೈಗೆ ನೀರು ಸಿಗಲೆಂದು ಬಕೆಟ್ಟಿನ ಮುಂದೆ ಹೊಂಚುಹಾಕಿ ಕೂರಬೇಕು. ಎಷ್ಟೋ ಸಲ ಬಕೆಟ್ಟು ತುಂಬುವ ಮೊದಲೇ ಸ್ಟೂಲಿನ ಮೇಲೆ ತೂಕಡಿಸಿಬಿಡುತ್ತಿದ್ದಳು. ತೂಕಡಿಸುವ ಮುಂಚೆ "ಜಲಪಾತ ಬಂದ್ರೆ ಎಬ್ಬಿಸಿ" ಎಂದು ಚುಚ್ಚುವುದನ್ನು ಮಾತ್ರ ಮರೆಯುತ್ತಿರಲಿಲ್ಲ. ಊರವರ ಸೊಂಟದ ಅಳತೆಯನ್ನೆಲ್ಲ ಕಣ್ಣಂದಾಜಿನಲ್ಲೇ ಹೇಳುತ್ತಿದ್ದ ಟೈಲರಣ್ಣ, ಅಳತೆ ತಪ್ಪಿ ಆಡಿದ್ದು ಅದೊಂದೇ ಮಾತು.

ಹೀಗಿರುವಾಗ ಒಂದು ಬೆಳಿಗ್ಗೆ ನೀರಿನ ಇಲಾಖೆಯ ಇಂಜಿನಿಯರಮ್ಮ ಏಣಿ ಹೊರಿಸಿಕೊಂಡು ಬಂದು, ಟೈಲರಣ್ಣನ ಬಚ್ಚಲ ಕಿಟಕಿಯ ಹೊರಗಿನ ಪೈಪಿಗೆ ಊಟದ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆಯೊಂದನ್ನು ಕೂರಿಸಿದರು.

"ಬೀದಿಯ ಬುಡದಲ್ಲಿ ಮೋಟಾರಿನ ವಾಲ್ವ್ ಹಾಕಿದ್ದೀವಿ. ಇನ್ಮೇಲೆ ಅದನ್ನ ಯಾರೂ ತಿರುಗಿಸಬೇಕಾಗಿಲ್ಲ. ತಾನೇ ತೆರ್ಕೊಳ್ಳುತ್ತೆ, ತಾನೇ ಮುಚ್ಕೊಳ್ಳುತ್ತೆ."

"ಎಷ್ಟು ತೆರೀಬೇಕು ಅಂತ ಅದಕ್ಕೆ ಹೇಗೆ ಗೊತ್ತಾಗುತ್ತೆ ಮೇಡಂ?"

"ಈ ಪೆಟ್ಟಿಗೆ ಹೇಳುತ್ತೆ. ಬೀದಿಯಲ್ಲೆಲ್ಲ ನಿಮ್ಮದೇ ಎತ್ತರದ ಮನೆ. ನಿಮಗೆ ನೀರು ಹತ್ತಿದ್ರೆ ಕೆಳಗಿನವರಿಗೆಲ್ಲ ಹತ್ತಿದ ಹಾಗೇನೇ. ಇಲ್ಲಿ ಒತ್ತಡ ಇಳೀತು ಅಂದ್ರೆ ಪೆಟ್ಟಿಗೆ ಕೆಳಗಿನ ವಾಲ್ವಿಗೆ ಸುದ್ದಿ ಕಳಿಸುತ್ತೆ, ಅದು ಇನ್ನಷ್ಟು ತೆರ್ಕೊಳ್ಳುತ್ತೆ. ಇದು ಒಂದನೇ ಕೆಲಸ. ಎರಡನೇದು ಇನ್ನೂ ಮುಖ್ಯ, ಸರಿಯಾಗಿ ಕೇಳಿಸ್ಕೊಳ್ಳಿ..."

ಅಷ್ಟರಲ್ಲಿ ಕೆಳಗಿನಿಂದ ಶಾಲೆಯ ಗಂಟೆ ಬಾರಿಸಿದಂತೆ ಒಂದು ದನಿ ಬಂತು. "ಯಾರದ್ರೀ ಈ ಜೀಪು? ನನ್ನ ಗೇಟಿಗೆ ಅಡ್ಡ ನಿಲ್ಸಿರೋದು?"

ಅದು ಕಟ್ಟಡದ ಒಡತಿ, ನೆಲಮನೆಯ ನಿವೃತ್ತ ಹೆಡ್‌ಮೇಡಂ. ಇಂಜಿನಿಯರಮ್ಮ ಅವರ ಶಾಲೆಯಲ್ಲಿ ಓದಿದವರೇನಲ್ಲ. ಆದರೂ ಓದಿ ಫೇಲಾದವರಂತೆ ಬೆಚ್ಚಿಬಿದ್ದು, ಏಣಿಯನ್ನು ಎತ್ತಿಸಿಕೊಂಡು, ಎರಡನೇ ಕೆಲಸವನ್ನು ಬಾಯಲ್ಲೇ ಇಟ್ಟುಕೊಂಡು ದಡದಡನೆ ಇಳಿದುಹೋದರು.

ಟೈಲರಣ್ಣನಿಗೆ ಒಂದನೇ ಕೆಲಸವೇ ಸಾಕಾಗಿತ್ತು. ಅಂದು ಹೆಂಡತಿಗೆ ಬೆನ್ನುಬೆನ್ನಿಗೆ ಎರಡು ಪಾಳಿ, ಬರುವುದು ಸಂಜೆಗೆ. ಅಂಗಡಿಗೆ ರಜೆಯ ಬೋರ್ಡು ತೂಗುಹಾಕಿ, ಪೇಟೆಗೆ ಓಡಿ, ಊಟದ ತಟ್ಟೆಯಷ್ಟು ಅಗಲದ ಶವರ್ ತಂದು ಗೋಡೆಗೆ ಬಿಗಿಸಿದ. ಅದರ ಕುತ್ತಿಗೆಗೆ ಕೆಂಪು ರಿಬ್ಬನ್ ಕಟ್ಟಿ, ಚಿಟ್ಟೆಯಂತೆ ಗಂಟು ಹಾಕಿ, ಸೋಪಿನ ಗೂಡಿನಲ್ಲಿ ತನ್ನ ದೊಡ್ಡ ಕತ್ತರಿಯನ್ನಿಟ್ಟ. ಉದ್ಘಾಟನೆ ಅವಳದೇ ಕೈಯಿಂದ ಆಗಬೇಕು, ಅಲ್ಲಿಯವರೆಗೆ ಶವರಿನ ಕೆಳಗೆ ಇರುವೆಯೂ ನಿಲ್ಲಕೂಡದು ಎಂದು ತೀರ್ಮಾನಿಸಿದ. ಆದರೂ ಮನಸ್ಸು ತಡೆಯದೆ ಶವರಿನ ಕೆಳಗಿನ ಹಳೇ ನಲ್ಲಿಯನ್ನು ಸ್ವಲ್ಪ ತಿರುಗಿಸಿ ನೋಡಿದ.

ನಲ್ಲಿ ಒಂದು ಕ್ಷಣ ಹಳೇ ಚಾಳಿಯಂತೆ ಕೆಮ್ಮಿತು. ಮರುಕ್ಷಣ ಗಂಟಲು ಸರಿಮಾಡಿಕೊಂಡ ಭಾಷಣಕಾರನಂತೆ ಭೋರೆಂದಿತು! ಬಕೆಟ್ಟು ತುಂಬಿ, ಉಕ್ಕಿ, ಟೈಲರಣ್ಣನ ಕಾಲು ತೊಳೆಯಿತು. ಅವನು ಅಲ್ಲೇ ಒಂದು ಸುತ್ತು ಕುಣಿದು ನಲ್ಲಿ ನಿಲ್ಲಿಸಿದ.

ನಿಲ್ಲಿಸಿದ್ದೇ ತಡ, ಎದುರುಮನೆಯ ಲಾಂಡ್ರಿಯವನು ಮೆಟ್ಟಿಲುಗಳನ್ನು ಎರಡೆರಡಾಗಿ ಹಾರಿಕೊಂಡು ಬಂದ.

"ಅಣ್ಣಾ! ಈಗ ಏನ್ ಮಾಡಿದ್ರಿ?"

"ನಾನೇನ್ ಮಾಡ್ದೆನೋ? ನಲ್ಲಿ ಬಿಟ್ಟೆ, ನಿಲ್ಲಿಸ್ದೆ."

"ನೀವು ಬಿಟ್ಟಾಗ ನನ್ನ ತೊಟ್ಟಿಗೆ ಹೊಳೆ ನುಗ್ಗಿ ಬಂತು. ನಿಲ್ಲಿಸಿದ್ರಿ, ಹೊಳೆ ಬತ್ತಿಹೋಯ್ತು. ಇನ್ನೊಂದ್ಸಲ ಬಿಡಿ, ನೋಡೋಣ."

ಬಿಟ್ಟ. ಇಳಿಜಾರಿನ ನಡುವಿನ ಮನೆಯಲ್ಲಿ ಹೂಗಿಡಗಳಿಗೆ ನೀರು ಬಿಡುತ್ತಿದ್ದ ತೋಟದ ತಾತನ ಕೈಯಿಂದ ಪೈಪು ಜಿಗಿದು, ತಾತನ ಕನ್ನಡಕವನ್ನೇ ತೊಳೆದುಬಿಟ್ಟಿತು. ನಿಲ್ಲಿಸಿದ. ಪೈಪು ಸತ್ತ ಹಾವಿನಂತೆ ಬಿದ್ದುಕೊಂಡಿತು. ಪೆಟ್ಟಿಗೆಯನ್ನು ಟೈಲರಣ್ಣನ ಮನೆಯ ಸಣ್ಣ ಪೈಪಿಗೇ ಕಚ್ಚಿಸಿದ್ದರಿಂದ, ಅವನು ನಲ್ಲಿ ಬಿಟ್ಟೊಡನೆ ಇಡೀ ಬೀದಿಯೇ ಬಾಯಾರಿ ಸಾಯುತ್ತಿದೆಯೆಂದು ಅದು ಹುಯಿಲಿಡುತ್ತಿತ್ತು. ಬೀದಿಯ ಬುಡದ ವಾಲ್ವು ಗಾಬರಿಯಿಂದ ಬಾಯಗಲಿಸುತ್ತಿತ್ತು.

"ಅಂದ್ರೆ, ನಿಮ್ಮ ನಲ್ಲಿ ಓಡಿದ್ರೆ ಬೀದಿ ಓಡುತ್ತೆ!" ಎಂದ ಲಾಂಡ್ರಿಯವನು, ಹೊಸ ಗ್ರಹ ಕಂಡುಹಿಡಿದವನ ಮುಖ ಮಾಡಿ. "ಹಾಗೇ ಬಿಟ್ಟಿರಿ ಅಣ್ಣಾ. ಹೋಟೆಲಿನ ಬೆಡ್‌ಶೀಟೆಲ್ಲ ಇವತ್ತೇ ಕೊಡ್ಬೇಕು."

"ಯಾರಪ್ಪಾ ಅದು, ನೀರನ್ನ ಸುಮ್ಮನೆ ಚರಂಡಿಗೆ ಬಿಡ್ತಿರೋದು?" ಎನ್ನುತ್ತ ಹೆಡ್‌ಮೇಡಂ ಮಂಡಿ ಹಿಡಿದುಕೊಂಡು ಮೇಲೆ ಬಂದರು. ವಿಷಯ ಕೇಳಿದರು. ಒಂದು ಕಡೆ ಆಯುಷ್ಯವಿಡೀ ಮಕ್ಕಳಿಗೆ ಹೇಳಿಕೊಟ್ಟ ನೀರಿನ ಉಳಿತಾಯದ ಪಾಠ, ಇನ್ನೊಂದು ಕಡೆ ಕೆಳಗೆ ಬಾಯಿಬಿಟ್ಟು ಕೂತಿದ್ದ ತಮ್ಮದೇ ಖಾಲಿ ತೊಟ್ಟಿ. ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಯೋಚಿಸಿದರು.

"ನೀರು ಪೋಲಾಗೋದಕ್ಕೆ ನಾನು ಬಿಡಲ್ಲ. ಉಪಯೋಗ ಆಗ್ತಾ ಹರಿಯೋದಾದ್ರೆ ನನ್ನ ಅಭ್ಯಂತರ ಇಲ್ಲ. ಸ್ನಾನ ಮಾಡು."

"ಬೆಳಿಗ್ಗೆನೇ ಮಾಡಿದೀನಿ ಮೇಡಂ."

"ಅದು ನಿನಗೋಸ್ಕರ. ಇದು ಬೀದಿಗೋಸ್ಕರ."

ಟೈಲರಣ್ಣ ಕೊಸರಾಡಿದ. ಆಗ ಲಾಂಡ್ರಿಯವನು ಹತ್ತಿರ ಸರಿದು, ರಿಬ್ಬನ್ ಕಟ್ಟಿದ ಶವರನ್ನು ನೋಡಿ, ದನಿ ತಗ್ಗಿಸಿದ.

"ಇದು ಅತ್ತಿಗೆಗೆ ತಾನೇ? ಹಾಗಾದ್ರೆ ಒಂದು ಒಪ್ಪಂದ. ಸಂಜೆವರೆಗೆ ನೀವು ನಮಗೋಸ್ಕರ ಸ್ನಾನ ಮಾಡಿ. ಅತ್ತಿಗೆ ಬಂದ ತಕ್ಷಣ ಬೀದಿಗೆ ಬೀದಿಯೇ ನಲ್ಲಿ ಬಂದ್ ಮಾಡುತ್ತೆ. ಇಷ್ಟೂ ನೀರು ಅವರೊಬ್ಬರ ತಲೆ ಮೇಲೆ! ಬೇಡ ಅಂತೀರಾ?"

ಟೈಲರಣ್ಣ ಅಂಗಿ ಕಳಚಿದ. ಶವರಿಗೆ ಬೆನ್ನು ಹಾಕಿ, ಕೆಳಗಿನ ನಲ್ಲಿಯನ್ನು ಪೂರ್ತಿ ತಿರುಗಿಸಿ, ಚೊಂಬು ಹಿಡಿದು ಕೂತ.

ಮೊದಲ ಸ್ನಾನ ಸುಖವಾಗಿತ್ತು, ಹಾಡೂ ಬಂತು. ಎರಡನೆಯದರಲ್ಲಿ ಹಾಡು ಮುಗಿದಿತ್ತು. ಮೂರನೆಯದರಲ್ಲಿ ಸೋಪು ಮುಗಿಯಿತು. ತೋಟದ ತಾತ ಸ್ವತಃ ಮೆಟ್ಟಿಲು ಹತ್ತಿ ಬಂದು ಹೊಸ ಸೋಪು ಕೊಟ್ಟುಹೋದರು. "ಕಂಕುಳು, ಕಿವಿ ಹಿಂದೆ ಎಲ್ಲ ನಿಧಾನವಾಗಿ ತಿಕ್ಕೋ ಮಗಾ, ಅವಸರ ಬೇಡ. ಗುಲಾಬಿ ಮುಗೀತು, ಇನ್ನು ಟೊಮೇಟೊ ಸಾಲು ಬಾಕಿ ಇದೆ."

ಊರಿನಲ್ಲಿ ಯಾರ ಮೈಯ ಬಗ್ಗೆಯೂ ಯಾರೂ ಇಷ್ಟು ಕಾಳಜಿ ತೋರಿದ್ದಿಲ್ಲ. ಬಾಗಿಲಾಚೆಯಿಂದ "ಬೆನ್ನು ಆಯ್ತಾ?" ಎಂದು ಒಬ್ಬರು, "ಹಿಮ್ಮಡಿಗೆ ಕಲ್ಲು ಹಾಕಿ ಉಜ್ಜಿ" ಎಂದು ಇನ್ನೊಬ್ಬರು. ಮಧ್ಯಾಹ್ನ ಅವನು ತಟ್ಟೆಯ ಮುಂದೆ ಕೂತು ತುತ್ತು ಎತ್ತಿದ್ದಷ್ಟೇ, ಕೆಳಗಿನಿಂದ ಲಾಂಡ್ರಿಯವನ ಕೂಗು ಕೇಳಿತು. "ಅಣ್ಣಾ, ಬೆಡ್‌ಶೀಟಿಗೆ ಸೋಪು ಹಾಕಿಬಿಟ್ಟಿದ್ದೀನಿ, ಈಗ ಕೈಬಿಡಬೇಡಿ!" ಊಟ ತಟ್ಟೆಯಲ್ಲೇ ಉಳಿಯಿತು, ಟೈಲರಣ್ಣ ಬಚ್ಚಲಿಗೆ ಎದ್ದ. ಬೆರಳುಗಳು ನೆನೆಸಿಟ್ಟ ಕಡಲೆಯಂತೆ ಸುಕ್ಕುಗಟ್ಟಿದವು. ಹಲ್ಲುಗಳು ಹೊಲಿಗೆ ಯಂತ್ರದ ವೇಗದಲ್ಲಿ ಕಟಕಟಗುಟ್ಟಿದವು. ಬೆಳಿಗ್ಗೆ ಕಂದುಬಣ್ಣದವನಾಗಿದ್ದವನು ಮಧ್ಯಾಹ್ನದ ಹೊತ್ತಿಗೆ ನೀಲಿಗೆ ತಿರುಗುತ್ತಿದ್ದ.

ಒಮ್ಮೆ ಉಪಾಯ ಹೂಡಿದ. ನಲ್ಲಿ ಬಿಟ್ಟು, ಟವೆಲು ಹೊದ್ದು ಸ್ಟೂಲಿನ ಮೇಲೆ ಸುಮ್ಮನೆ ಕೂತ. ಎರಡು ನಿಮಿಷ ಆಗಿರಲಿಲ್ಲ, ನೀರಿನ ಕೊಳವೆಯ ಪಕ್ಕ ಕಿವಿಯಿಟ್ಟಿದ್ದ ಹೆಡ್‌ಮೇಡಂ ಕೆಳಗಿನಿಂದ ಗುಡುಗಿದರು.

"ಚೊಂಬಿನ ಸದ್ದು ಬರ್ತಿಲ್ಲ! ಕಾಪಿ ಹೊಡೀತಿದ್ದೀಯಾ?"

"ಇಲ್ಲ ಮಿಸ್!" ಎಂದು ಟೈಲರಣ್ಣ ದಡಕ್ಕನೆ ಎದ್ದು ನಿಂತು ಚೊಂಬು ಎತ್ತಿದ.

ಸಂಜೆಯಾಗುವಷ್ಟರಲ್ಲಿ ಬೀದಿ ಗುರುತು ಸಿಗದಂತಾಗಿತ್ತು. ಲಾಂಡ್ರಿಯ ಹಗ್ಗಗಳಲ್ಲಿ ಬೆಡ್‌ಶೀಟುಗಳು ಹಡಗಿನ ಹಾಯಿಗಳಂತೆ ಉಬ್ಬಿದ್ದವು. ಎಲೆ ಎಲೆಯೂ ತೊಟ್ಟಿಕ್ಕುತ್ತಿತ್ತು. ಹೆಡ್‌ಮೇಡಂ ಗೇಟಿನ ಕಂಬಿಗಳನ್ನೂ ಬಿಡದೆ ತೊಳೆದಿದ್ದರು. ಆ ಹೊಳಪಿನ ನಡುವೆ ಎರಡು ಪಾಳಿ ಮುಗಿಸಿ ಕಾಲೆಳೆದುಕೊಂಡು ಬಂದ ನರ್ಸಮ್ಮನನ್ನು ಜನ ಎರಡೂ ಬದಿಯಲ್ಲಿ ನಿಂತು ನಗುನಗುತ್ತ ನೋಡಿದರು. ಅವಳಿಗೆ ಭಯವಾಯಿತು. ಮೇಲೆ ಹೋಗಿ ನೋಡಿದರೆ ಟವೆಲಿನಲ್ಲಿ ಸುತ್ತಿಕೊಂಡು ನಡುಗುತ್ತ ಹಲ್ಲು ಕಿಸಿಯುತ್ತಿದ್ದ ಗಂಡ.

"ಅಯ್ಯೋ, ರೀ! ಯಾವ ಬಾವಿಗೆ ಬಿದ್ದಿದ್ರಿ?" ಎಂದು ಅಭ್ಯಾಸಬಲದಿಂದ ನಾಡಿ ಹಿಡಿದಳು.

"ಅದೆಲ್ಲ ಆಮೇಲೆ. ಬಾ, ಬಾ. ತಗೋ ಕತ್ತರಿ."

ಶವರನ್ನೂ ಅದರ ಕೆಂಪು ರಿಬ್ಬನ್ನನ್ನೂ ಕಂಡು ಅವಳು ದಿನವಿಡೀ ನಿಂತು ಊದಿದ ಕಾಲುಗಳನ್ನು ಮರೆತು ನಕ್ಕಳು. ಟೈಲರಣ್ಣನಿಗೆ ಅಷ್ಟೂ ಚೊಂಬಿನ ನೀರು ಬಿಸಿಯಾದಂತಾಯಿತು. ಅವನು ಕಿಟಕಿಯಿಂದ ಕೈ ಬೀಸಿದ. ಕೆಳಗೆ ಲಾಂಡ್ರಿಯವನು "ಬಂದ್!" ಎಂದು ಕೂಗಿದ. ಮೇಲಿಂದ ಕೆಳಗಿನವರೆಗೆ ಬೀದಿಯ ನಲ್ಲಿಗಳೆಲ್ಲ ಕಿರ್ರನೆ ಮುಚ್ಚಿಕೊಂಡವು. ಬೀದಿ ಉಸಿರು ಬಿಗಿಹಿಡಿದು ನಿಂತಿತು.

ಅವಳು ರಿಬ್ಬನ್ ಕತ್ತರಿಸಿದಳು. ಶವರ್ ತಿರುಗಿಸಿದಳು.

ಮೂರು ಹನಿ ಬಿತ್ತು. ಕಿಟಕಿಯ ಹೊರಗಿನ ಪೆಟ್ಟಿಗೆ 'ಟಿಕ್' ಎಂದಿತು. ಅದರ ಮೂಗಿನ ತುದಿಯಲ್ಲಿ ಕೆಂಪು ದೀಪ ಹೊತ್ತಿತು. ನಾಲ್ಕನೇ ಹನಿ ಬರಲಿಲ್ಲ.

"ಬಂತಾ?" ಎಂದು ಕೆಳಗಿನಿಂದ ಕೂಗು.

"ಇಲ್ಲ!"

ಟೈಲರಣ್ಣ ಶವರನ್ನು ಬಡಿದ, ಪೈಪನ್ನು ಸವರಿದ, ಪೆಟ್ಟಿಗೆಗೆ ಕೈ ಮುಗಿದ. ಕೊನೆಗೆ ಲಾಂಡ್ರಿಯವನು, ಹೆಡ್‌ಮೇಡಂ ಎಲ್ಲ ಮೇಲೆ ನೆರೆದು, ಇಂಜಿನಿಯರಮ್ಮನಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದರು.

"ಕೆಂಪು ದೀಪವಾ? ಅದೇ ಬೆಳಿಗ್ಗೆ ಹೇಳ್ತಿದ್ದೆನಲ್ಲ, ಎರಡನೇ ಕೆಲಸ!" ಎಂದಿತು ಫೋನು. "ಒಂದೇ ಮನೆಯಲ್ಲಿ ದಿನವಿಡೀ ನೀರು ಹರೀತಾನೇ ಇದ್ರೆ, ಪೈಪ್ ಒಡೆದಿದೆ ಅಂತ ತಿಳ್ಕೊಂಡು ಪೆಟ್ಟಿಗೆ ಆ ಮನೆಯ ನೀರನ್ನ ಬಂದ್ ಮಾಡುತ್ತೆ. ಎಲ್ಲಿ ಸೋರ್ತಿದೆ ನೋಡಿ."

"ಸೋರ್ತಿಲ್ಲ ಮೇಡಂ. ನಾನು ಸ್ನಾನ ಮಾಡ್ತಿದ್ದೆ."

"ಬೆಳಗಿಂದ ಸಂಜೆವರೆಗಾ?"

ಹೆಂಡತಿ ಗಂಡನ ಸುಕ್ಕುಬೆರಳುಗಳನ್ನು ನೋಡಿದಳು. ಹೆಡ್‌ಮೇಡಂ ಸೂರು ನೋಡಿದರು.

"ನಾನೇ ಬಂದು ಬೀಗ ತೆಗೀಬೇಕು. ನಾಳೆ ರಜೆ, ನಾಡಿದ್ದು ಬರ್ತೀನಿ," ಎಂದಿತು ಫೋನು.

ಅಷ್ಟರಲ್ಲಿ ಬೀದಿಯಿಂದ ತೋಟದ ತಾತನ ಆರ್ಭಟ ಕೇಳಿಸಿತು. ಇನ್ನು ಕಾದು ಫಲವಿಲ್ಲವೆಂದು ಅವರು ನಲ್ಲಿ ತಿರುಗಿಸಿದ್ದರು. ಅವರ ಪೈಪು ಅಂಗಳದಲ್ಲೆಲ್ಲ ಹೆಡೆಯೆತ್ತಿ ಕುಣಿಯುತ್ತ, ನೀರನ್ನು ಪಕ್ಕದ ಮನೆಯ ಹೆಂಚಿಗೆ ಚಿಮ್ಮಿಸುತ್ತಿತ್ತು.

"ಮೇಡಂ, ಇವರ ಮನೆಗೆ ನೀರಿಲ್ಲ, ಕೆಳಗೆಲ್ಲ ಪ್ರವಾಹ! ಇದ್ಯಾವ ನ್ಯಾಯ?" ಎಂದ ಲಾಂಡ್ರಿಯವನು.

"ಸರಿಯಾಗೇ ಇದೆಯಲ್ಲ. ಎತ್ತರದ ಮನೆಗೆ ಒಂದು ಹನಿಯೂ ಹತ್ತುತ್ತಿಲ್ಲ ಅಂತ ಪೆಟ್ಟಿಗೆ ಸುದ್ದಿ ಕಳಿಸ್ತಾನೇ ಇದೆ. ಅದಕ್ಕೇ ಕೆಳಗಿನ ವಾಲ್ವ್ ಪೂರ್ತಿ ತೆರ್ಕೊಂಡಿದೆ."

"ಅಂದ್ರೆ, ಇವರ ನಲ್ಲಿ ಒಣಗಿರೋವರೆಗೂ ನಮಗೆಲ್ಲ ಹೀಗೇ ಬರುತ್ತಾ?"

"ಬರುತ್ತೆ."

ಲಾಂಡ್ರಿಯವನು ಟೈಲರಣ್ಣನ ಮುಖ ತಪ್ಪಿಸಿ, ಫೋನಿನ ಹತ್ತಿರ ಬಾಗಿ, ಜೇನಿನಂಥ ದನಿಯಲ್ಲಿ ಹೇಳಿದ. "ಮೇಡಂ, ನಿಮಗೂ ಎಷ್ಟೊಂದು ಕೆಲಸ ಇರುತ್ತೆ. ಅವಸರ ಮಾಡ್ಕೋಬೇಡಿ. ಮುಂದಿನ ವಾರ ಬಂದ್ರೂ ಪರವಾಗಿಲ್ಲ."

"ಲೋ!" ಎಂದ ಟೈಲರಣ್ಣ. ಎನ್ನುವಷ್ಟರಲ್ಲಿ ಸೀನು ಬಂತು.

ಹೆಡ್‌ಮೇಡಂ ನರ್ಸಮ್ಮನ ಕೈ ಹಿಡಿದರು. "ನೀನು ಬಾಮ್ಮಾ, ಪಾಪ, ದಣಿದು ಬಂದಿದ್ದೀಯ. ನಮ್ಮ ಬಚ್ಚಲಲ್ಲೂ ಶವರಿದೆ." ಅವಳು ಗಂಡನ ಕಡೆಗೊಮ್ಮೆ, ಟವೆಲಿನ ಕಡೆಗೊಮ್ಮೆ ನೋಡಿ, ಟವೆಲನ್ನೇ ಆರಿಸಿಕೊಂಡು ಇಳಿದುಹೋದಳು.

ಸ್ವಲ್ಪ ಹೊತ್ತಿಗೆ ಕೊಳವೆಯ ಮೂಲಕ ಧೋ ಎಂಬ ಸದ್ದು ಮೇಲೇರಿ ಬಂತು. ಅದರ ಹಿಂದೆಯೇ, ಮದುವೆಯಾದಾಗಿನಿಂದ ಟೈಲರಣ್ಣ ಕೇಳದಿದ್ದ ಹಾಡೊಂದು ಬಂತು. ನಡುವೆ ನಗು. "ರೀ! ಕೇಳಿಸ್ತಿದೆಯಾ? ಜಲಪಾತ ಕಣ್ರೀ, ಜಲಪಾತ!"

"ಕೇಳಿಸ್ತಿದೆ," ಎಂದು ಅವನು ಸ್ಟೂಲಿನ ಮೇಲೆ ಕೂತು ಕೊಳವೆಗೆ ಹೇಳಿದ. ನಡುಕದ ನಡುವೆಯೂ ತುಟಿಯ ಮೇಲೆ ನಗು ಬಂದು ಕೂತಿತ್ತು.

"ಅಲ್ಲೇ ಕೂತ್ಕೋಬೇಡ, ಕುಡಿಯೋಕೆ, ಅಡುಗೆಗೆ ನೀರು ಹೊತ್ಕೊಂಡು ಹೋಗು, ಬಾ!" ಎಂದು ಅದೇ ಕೊಳವೆ ಹೆಡ್‌ಮೇಡಂ ದನಿಯಲ್ಲಿ ಗದರಿತು. ಟೈಲರಣ್ಣ ಎರಡು ಬಕೆಟ್ ಹಿಡಿದು ಇಳಿದ, ತುಂಬಿಸಿಕೊಂಡು ಹತ್ತಿದ, ಮತ್ತೆ ಇಳಿದ, ಮತ್ತೆ ಹತ್ತಿದ. ಮನೆಯ ಪಾತ್ರೆಗಳೆಲ್ಲ ತುಂಬುವ ಹೊತ್ತಿಗೆ ಅವನ ತಲೆಯಿಂದ ಕಾಲಿನವರೆಗೆ ಬೆವರು ಹರಿಯುತ್ತಿತ್ತು. ಒಂದು ಸ್ನಾನ ಮಾಡೋಣವೆಂದು ಅಭ್ಯಾಸದಂತೆ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿದ. ಅದು ಕೆಮ್ಮಲೂ ಇಲ್ಲ.

ಇದೇ ಸೂರಿನಡಿ ಹೆಂಡತಿಯ ತಲೆ ಮೇಲೆ ಜಲಪಾತ ಸುರಿಸುತ್ತೇನೆಂದು ಟೈಲರಣ್ಣ ಕೊಟ್ಟಿದ್ದ ಮಾತು ಆ ಸಂಜೆ ನೆರವೇರಿತು.