ಸೂಲಂಗಿ ಕತ್ತರಿಸಿದ ಭಾನುವಾರ

ಆಫೀಸಿನ ಕ್ಯಾಂಟೀನಿನಲ್ಲಿ ಕಪ್ಪಿನಿಂದ ಸ್ವೀಟ್ ಕಾರ್ನ್ ತಿನ್ನುತ್ತ ಕೃಪಾ, "ಗಿಡದಿಂದ ಕಿತ್ತ ಜೋಳ ತಿಂದು ಎಷ್ಟು ವರ್ಷ ಆಯ್ತೋ!" ಎಂದು ನಿಟ್ಟುಸಿರಿಟ್ಟಳು. ಎದುರಿಗೆ ಕೂತಿದ್ದ ಚಂದ್ರಹಾಸನಿಗೆ ಅಷ್ಟು ಸಾಕಾಯಿತು. ಅವಳೊಂದಿಗೆ ಮಾತಾಡಲು ಈವರೆಗೆ ಅವನಿಗೆ ಪ್ರೋಗ್ರಾಮಿನ ತಪ್ಪುಗಳ ಹೊರತು ಬೇರೆ ವಿಷಯವೇ ಸಿಕ್ಕಿರಲಿಲ್ಲ.

ಕೊಂಡಾಪುರದಲ್ಲಿ ಸುತ್ತಲೂ ಗಾಜಿನ ಕಟ್ಟಡಗಳು ಏಳುತ್ತಿದ್ದರೂ ಅವನ ಮನೆಯೊಡತಿ, ಬೀದರಿನ ಗೋದಾಬಾಯಿ, ಹಿತ್ತಲಲ್ಲಿ ಮೆಕ್ಕೆಜೋಳ ಬೆಳೆಯುವುದನ್ನು ಬಿಟ್ಟಿರಲಿಲ್ಲ. ಕಾಡಿಬೇಡಿ ಅದರ ಪಕ್ಕದಲ್ಲೇ ಒಂದು ತುಂಡು ಜಾಗ ಪಡೆದ ಚಂದ್ರಹಾಸ ಸ್ವೀಟ್ ಕಾರ್ನ್ ಬಿತ್ತಿದ. ಗಿಡಗಳು ಎದೆಯುದ್ದ ಬೆಳೆದಾಗ ಕೃಪಾಳನ್ನು ಜೋಳ ತಿನ್ನಲು ಮನೆಗೆ ಕರೆದ. "ಖಂಡಿತ ಬರ್ತೀನಿ," ಎಂದಳು. ಆ ಎರಡು ಶಬ್ದಗಳನ್ನು ಅವನು ಸ್ನಾನ ಮಾಡುವಾಗಲೂ ಹೇಳಿಕೊಳ್ಳತೊಡಗಿದ.

ಒಂದು ಭಾನುವಾರ ಬೆಳಿಗ್ಗೆ ನೋಡುತ್ತಾನೆ, ಎರಡೂ ಬೆಳೆಗಳ ನೆತ್ತಿಯಲ್ಲಿ ಒಟ್ಟಿಗೇ ಸೂಲಂಗಿ, ಅಂದರೆ ಗಂಡು ಹೂವಿನ ಗೊಂಚಲು, ಒಡೆದು ಹಳದಿ ಪರಾಗ ಉದುರುತ್ತಿದೆ! ಗೋದಾಬಾಯಿಯ ಜೋಳದ ಪರಾಗ ತನ್ನ ತೆನೆಯ ರೇಷ್ಮೆಯಂಥ ಎಳೆಗಳಿಗೆ ತಾಗಿದರೆ ಕಾಳು ಸಿಹಿಯಾಗುವುದಿಲ್ಲವೆಂದು ಅವನು ಓದಿದ್ದ. ಬೇಕರಿಯ ಕಾಗದದ ಚೀಲಗಳನ್ನು ತಂದು ತನ್ನ ತೆನೆಗಳಿಗೂ ಸೂಲಂಗಿಗಳಿಗೂ ಕಟ್ಟಿದ.

"ಏನ್ ಗುರೂ, ಜೋಳಕ್ಕೆ ಹೆಲ್ಮೆಟ್ಟಾ?" ಮಹಡಿಯ ಮನೆಯ ಮನೋಜ ಬಾಲ್ಕನಿಯಿಂದ ಕೂಗಿದ.

ಗದ್ದಲಕ್ಕೆ ಗೋದಾಬಾಯಿ ಹೊರಬಂದಳು. "ಏನ್ ಮಾಡ್ಲತ್ತಿ ತಮ್ಮಾ?"

"ಅಮ್ಮಾ, ನಿಮ್ಮ ಜೋಳದ ಸೂಲಂಗಿ ಕತ್ತರಿಸ್ಲಾ? ಇಲ್ಲದಿದ್ರೆ ನನ್ನದು ಕೆಡ್ತದೆ."

"ನನ್ನ ಜ್ವಾಳ ನಿಂದಕ್ಕ ಏನ್ ಮಾಡ್ಯಾದೋ? ಎದ್ದು ಬಂದು ಕಡೀತದೇನು?"

"ಹುಡುಗಿಗೋಸ್ಕರ ಕಣಮ್ಮಾ!" ಮನೋಜ ಮೇಲಿನಿಂದ ಇಡೀ ಬೀದಿಗೆ ಕೇಳುವಂತೆ ಸಾರಿದ.

ಚಂದ್ರಹಾಸ ಚೀಲದೊಳಗೆ ತನ್ನ ತಲೆಯನ್ನೇ ತೂರಿಸುವವನಂತೆ ಬಗ್ಗಿದ. ಗೋದಾಬಾಯಿಯ ಮುಖ ಮಾತ್ರ ಮೆತ್ತಗಾಯಿತು.

"ಮೊದಲೇ ಹೇಳ್ಬಾರದಾ? ನಮ್ಮ ಮನಿಯವ್ರು ಮದಿವಿಗಿಂತ ಮೊದಲ ನನಗಂತ ಮಂದಿ ಹೊಲದಾಗಿಂದು ತೆನಿ ಕದ್ದು ತಂದಿದ್ರು. ಈಗ ಕದಿಯೋರೂ ಇಲ್ಲ, ಹೊಲಾನೂ ಇಲ್ಲ." ಗೋದಾಬಾಯಿ ತಾನೇ ಕುಡುಗೋಲು ತಂದು ತನ್ನ ಗಿಡಗಳ ಸೂಲಂಗಿಗಳನ್ನೆಲ್ಲ ಕತ್ತರಿಸಿ ಹಾಕಿದಳು. ಚಂದ್ರಹಾಸ ಚೀಲದಲ್ಲಿ ಬಿದ್ದ ಪರಾಗವನ್ನು ತನ್ನ ತೆನೆಗಳ ಎಳೆಗಳಿಗೆ ಉದುರಿಸಿ, ಸೀನುತ್ತ ಮತ್ತೆ ಚೀಲ ಕಟ್ಟಿದ.

ತೆನೆ ತುಂಬಿದ ಮೇಲೆ ಕೃಪಾ ಬಂದಳು. ಚಂದ್ರಹಾಸ ಒಂದು ತೆನೆ ಸುಲಿದ. ಎಲ್ಲಿಯೂ ಒಂದು ಕಾಳು ತಪ್ಪಿರಲಿಲ್ಲ.

"ಅಯ್ಯೋ, ಸ್ವೀಟ್ ಕಾರ್ನಾ? ಇದು ಕ್ಯಾಂಟೀನಲ್ಲೇ ಸಿಗತ್ತಲ್ಲ! ನಾನಂದಿದ್ದು ನಾಟಿ ಜೋಳ. ಚಾಮುಂಡಿ ಬೆಟ್ಟದಲ್ಲಿ ಅಪ್ಪ ಕೊಡಿಸ್ತಿದ್ರು. ಕೆಂಡದಲ್ಲಿ ಸುಟ್ಟು, ಉಪ್ಪು ಖಾರ ನಿಂಬೆಹಣ್ಣು ಉಜ್ಜಿ..." ಅವಳ ದನಿ ಸಣ್ಣದಾಯಿತು. ಕಣ್ಣು ಪಕ್ಕದ ಗಿಡಗಳ ಮೇಲೆ ಬಿತ್ತು. "ಅದೇ ಅಲ್ವಾ?"

ಗೋದಾಬಾಯಿ ಸಡಗರದಿಂದ ಒಂದು ತೆನೆ ಮುರಿದು ಸುಲಿದಳು. ಬೋಳು ದಿಂಡಿನ ಮೇಲೆ, ಕೂಸಿನ ಬಾಯಿಯ ಹಲ್ಲಿನಂತೆ, ಅಲ್ಲೊಂದು ಇಲ್ಲೊಂದು ಕಾಳು. ಇನ್ನೊಂದು ಸುಲಿದಳು. ಅದೂ ಹಾಗೆಯೇ. ಸೂಲಂಗಿಯನ್ನೇ ಕತ್ತರಿಸಿದ ಮೇಲೆ ಕಾಳು ಕಟ್ಟಲು ಪರಾಗ ಎಲ್ಲಿಂದ ಬರಬೇಕು?

ಕೃಪಾ ಮರ್ಯಾದೆಗೆಂದು ನಾಲ್ಕು ಸ್ವೀಟ್ ಕಾರ್ನ್ ಕವರಿಗೆ ಹಾಕಿಕೊಂಡಳು. "ನನ್ನ ರೂಮ್‌ಮೇಟ್‌ಗೆ ಇಷ್ಟ," ಎಂದು ಆಟೊ ಹತ್ತಿದಳು.

ಆಟೊ ತಿರುವಿನಲ್ಲಿ ಮರೆಯಾಗುವವರೆಗೂ ಚಂದ್ರಹಾಸ ಗೇಟು ಹಿಡಿದು ನಿಂತಿದ್ದ. ಆಮೇಲೆ ಮೆಲ್ಲಗೆ ಕೇಳಿದ: "ಅಮ್ಮಾ, ಮುಂದಿನ ಸಲಕ್ಕೆ ನಿಮ್ಮ ಜೋಳದ ಬೀಜ ಸ್ವಲ್ಪ ಕೊಡ್ತೀರಾ?"

ಗೋದಾಬಾಯಿ ಕೈಯಲ್ಲಿದ್ದ ಬೋಳು ತೆನೆಯನ್ನು ಅವನ ಮುಂದೆ ಹಿಡಿದಳು.

"ಬೀಜಕ್ಕಂತ ವರ್ಷಾ ವರ್ಷಾ ಇದರಾಗೇ ತೆಗೆದು ಇಡ್ತಿದ್ದೆ, ತಮ್ಮಾ."